ಬಾಕಿ ಬಿಲ್ಲಿಗೆ ಕಾನೂನು ಹುಡುಕುವುದು ಹೇಗೆ, ನೋಟಿಸ್ ಬರೆಯುವುದು ಹೇಗೆ

ಮಾಲು ಹೋಯಿತು, ಚೆಕ್ಕು ವಾಪಸ್ ಬಂತು, ಆ ಕಡೆಯವರು ಫೋನ್ ಎತ್ತುತ್ತಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದವರು ಈಗ ಮೊಬೈಲ್ ತೆಗೆದು ಪ್ರಶ್ನೆ ಟೈಪ್ ಮಾಡುತ್ತಾರೆ. ಸೆಕ್ಷನ್ ನಂಬರ್, ಸುಪ್ರೀಂ ಕೋರ್ಟಿನ ತೀರ್ಪು, ನೋಟಿಸಿನ ನಮೂನೆ ಎಲ್ಲವೂ ಕ್ಷಣದಲ್ಲಿ ಸಿಗುತ್ತದೆ. ಆದರೆ ಸಿಕ್ಕಿದ ತೀರ್ಪು ಎಲ್ಲಿಯೂ ಇಲ್ಲದ್ದಾಗಿರಬಹುದು. ಇದ್ದರೂ ಯಾವಾಗಲೋ ಬಿದ್ದುಹೋದದ್ದಾಗಿರಬಹುದು. ಅದೂ ಅಲ್ಲವಾದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ ಮೇಲೆ ಮಾತ್ರ ನಡೆಯುವಂಥದ್ದಾಗಿರಬಹುದು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ತನ್ನ ಜಿಲ್ಲಾ ನ್ಯಾಯಾಂಗಕ್ಕೆ ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆ ಒಂದು ನೀತಿ ಹೊರಡಿಸಿತು. ತೀರ್ಮಾನಕ್ಕೆ ಬರುವುದಕ್ಕೆ ಈ ಸಾಧನಗಳನ್ನು ಬಳಸಬಾರದು, ಅವು ಕೊಡುವ ತೀರ್ಪಿನ ಉಲ್ಲೇಖಗಳನ್ನು ಒಂದೊಂದಾಗಿ ಪರಿಶೀಲಿಸಬೇಕು ಎಂದು ಅದು ಹೇಳುತ್ತದೆ. ನ್ಯಾಯಾಧೀಶರಿಗೇ ಈ ಎಚ್ಚರಿಕೆ ಬೇಕಾದರೆ ಅಂಗಡಿ ನಡೆಸುವವರಿಗೆ, ಮಂಗಳೂರಿನಲ್ಲಿ ಕಾನೂನು ಓದಿ ಕಾಸರಗೋಡಿನಲ್ಲಿ ವಕೀಲಿಗೆ ಕೂರುವ ಹೊಸಬರಿಗೆ ಇನ್ನಷ್ಟು ಬೇಕು.

ಕಾನೂನು ಸಂಶೋಧನೆ ಎಂದರೆ ಕಾಯ್ದೆಗಳನ್ನು ಬಾಯಿಪಾಠ ಮಾಡುವುದಲ್ಲ. ನಮ್ಮ ಪ್ರಶ್ನೆಗೆ ಉತ್ತರ ಕೊಡುವ ನಿಯಮ ಯಾವುದು, ಅದು ಇವತ್ತಿಗೂ ಜಾರಿಯಲ್ಲಿದೆಯೇ, ಈ ಜಾಗಕ್ಕೆ ಅನ್ವಯಿಸುತ್ತದೆಯೇ ಎಂದು ಪತ್ತೆಮಾಡುವುದು. ಕಾನೂನು ಬರವಣಿಗೆ ಎಂದರೆ ಆ ನಿಯಮವನ್ನೂ ನಮ್ಮ ಕಾಗದಪತ್ರಗಳನ್ನೂ ಕೊಂಡಿ ತಪ್ಪದ ಹಾಗೆ ಜೋಡಿಸುವುದು.

ಮೊದಲು ಕಾಗದ, ಆಮೇಲೆ ಕಾಯ್ದೆ

ಒಂದು ಕಲ್ಪಿತ ಉದಾಹರಣೆ ಹಿಡಿದುಕೊಳ್ಳೋಣ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಹಾಳೆತಟ್ಟೆ ಘಟಕ ಮಂಗಳೂರಿನ ಸಗಟು ವ್ಯಾಪಾರಿಗೆ ಮೇ 2ರಂದು 4,80,000 ರೂಪಾಯಿಯ ಮಾಲು ಕಳುಹಿಸಿದೆ. ವ್ಯಾಪಾರಿ ಕೊಟ್ಟ ಚೆಕ್ಕನ್ನು ಘಟಕದವರು ಬದಿಯಡ್ಕದ ತಮ್ಮ ಬ್ಯಾಂಕಿಗೆ ಹಾಕಿದ್ದಾರೆ. ಖಾತೆಯಲ್ಲಿ ಹಣ ಸಾಲದು ಎಂಬ ಮೆಮೊ ಜುಲೈ 7ರಂದು ಕೈಸೇರಿದೆ.

ಹೆಚ್ಚಿನವರು ಇಲ್ಲಿಂದ ನೇರವಾಗಿ 'ಚೆಕ್ ಬೌನ್ಸ್ ಶಿಕ್ಷೆ' ಎಂದು ಹುಡುಕಲು ಹೊರಡುತ್ತಾರೆ. ಅದಕ್ಕೆ ಮೊದಲು ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಬೇಕು. ಎಡಕ್ಕೆ ತಾರೀಕು, ಬಲಕ್ಕೆ ಆ ದಿನ ಏನಾಯಿತು ಮತ್ತು ಅದನ್ನು ತೋರಿಸುವ ಕಾಗದ ಯಾವುದು. ಆರ್ಡರ್ ವಾಟ್ಸ್‌ಆ್ಯಪಿನಲ್ಲಿ ಬಂದಿದ್ದರೆ ಆ ಸಂದೇಶ, ಮಾಲು ಹೋದ ದಿನದ ಇ-ವೇ ಬಿಲ್ಲು, ಲಾರಿಯವರ ರಸೀದಿ, ಮಾಲು ಸಿಕ್ಕಿದೆ ಎಂದು ಆ ಕಡೆಯವರು ಹಾಕಿದ ಸಹಿ, ಚೆಕ್ಕು, ಮೆಮೊ. ಬಲಗಡೆ ಕಾಗದವಿಲ್ಲದ ಸಾಲು ಎಲ್ಲಿ ಇದೆಯೋ ಅಲ್ಲಿಯೇ ಎದುರಾಳಿಯ ವಕೀಲರು ಕೈಹಾಕುವುದು.

ಆ ಹಾಳೆ ಮುಂದಿದ್ದರೆ ಒಂದೇ ಎಂದು ತೋರಿದ ಪ್ರಶ್ನೆ ಒಡೆದು ನಾಲ್ಕಾಗುತ್ತದೆ. ಚೆಕ್ಕಿನ ಮೇಲೆ ಕ್ರಿಮಿನಲ್ ದೂರು ಕೊಡಬಹುದೇ, ಕೊಡುವುದಾದರೆ ಕಾಸರಗೋಡಿನಲ್ಲಿಯೋ ಮಂಗಳೂರಿನಲ್ಲಿಯೋ? ಹಣ ವಸೂಲಿಗೆ ಸಿವಿಲ್ ದಾವೆ ಹಾಕುವುದಾದರೆ ಎಷ್ಟು ಸಮಯವಿದೆ? ತಡವಾದ ಪಾವತಿಗೆ ಬಡ್ಡಿ ಸಿಗುತ್ತದೆಯೇ? ಬಿಲ್ಲಿನ ಕೆಳಗೆ ಅಚ್ಚಾದ ಷರತ್ತುಗಳು ನಮ್ಮನ್ನು ಕಟ್ಟಿಹಾಕುತ್ತವೆಯೇ? ಪ್ರತಿಯೊಂದಕ್ಕೂ ಬೇರೆ ಬೇರೆ ಕಾಯ್ದೆ. ವ್ಯವಹಾರ ಕಾನೂನು ಎಂಬ ಒಂದೇ ಪುಸ್ತಕ ಎಲ್ಲಿಯೂ ಇಲ್ಲ. 1872ರ ಕರಾರು ಕಾಯ್ದೆ, ಚೆಕ್ಕಿನಂಥ ಪತ್ರಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ, 1932ರ ಪಾಲುದಾರಿಕೆ ಕಾಯ್ದೆ, 1963ರ ಕಾಲಮಿತಿ ಕಾಯ್ದೆ, ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ, 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಎಲ್ಲ ಸೇರಿ ಆ ಹೆಸರು.

ಗಡಿಯಲ್ಲಿರುವವರು ಕೇಳಬೇಕಾದ ಪ್ರಶ್ನೆ

ಮೇಲೆ ಹೇಳಿದ ಕಾಯ್ದೆಗಳೆಲ್ಲ ಸಂಸತ್ತು ಮಾಡಿದವು ಅಥವಾ ಬ್ರಿಟಿಷರ ಕಾಲದಿಂದ ಬಂದವು. ತಲಪಾಡಿಯ ಈಚೆಗೂ ಆಚೆಗೂ ಒಂದೇ. ರಾಜ್ಯದ ಕಾಯ್ದೆ ಬಂದಾಗ ತಕರಾರು ಶುರು. ಕರಾರುಪತ್ರಕ್ಕೆ ಎಷ್ಟು ರೂಪಾಯಿಯ ಮುದ್ರಾಂಕ ಎಂಬುದನ್ನು ಕಾಸರಗೋಡು ಜಿಲ್ಲೆಯ ಹೊಸಂಗಡಿಯಲ್ಲಿ 1959ರ ಕೇರಳ ಮುದ್ರಾಂಕ ಕಾಯ್ದೆ ಹೇಳುತ್ತದೆ, ಮಂಗಳೂರಿನಲ್ಲಿ 1957ರ ಕರ್ನಾಟಕ ಮುದ್ರಾಂಕ ಕಾಯ್ದೆ. ಅಂಗಡಿ-ಮಳಿಗೆಗಳ ನೋಂದಣಿ, ಲೇವಾದೇವಿ ಪರವಾನಿಗೆ, ಕೋರ್ಟ್ ಶುಲ್ಕ ಇವೂ ಹಾಗೆಯೇ. ಮಂಗಳೂರಿನಲ್ಲಿ ಕೊಂಡ ಕನ್ನಡ ಪಠ್ಯಪುಸ್ತಕದಲ್ಲಿ ಇರುವುದು ಕರ್ನಾಟಕದ ದರ. ಅದನ್ನು ನಂಬಿ ಕಾಸರಗೋಡಿನಲ್ಲಿ ಕರಾರು ಬರೆದರೆ ಮುದ್ರಾಂಕ ಕಡಿಮೆ ಬಿದ್ದು, ವ್ಯತ್ಯಾಸವನ್ನೂ ದಂಡವನ್ನೂ ಕಟ್ಟುವವರೆಗೆ ಅದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ತೀರ್ಪುಗಳಲ್ಲಿಯೂ ಗಡಿ ಇದೆ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಸಂವಿಧಾನದ 141ನೇ ವಿಧಿಯ ಪ್ರಕಾರ ದೇಶದ ಎಲ್ಲ ನ್ಯಾಯಾಲಯಗಳಿಗೂ ಕಡ್ಡಾಯ. ಎರ್ನಾಕುಳದಲ್ಲಿರುವ ಕೇರಳ ಹೈಕೋರ್ಟಿನ ತೀರ್ಪು ಕಾಸರಗೋಡಿನ ಕೋರ್ಟಿಗೆ ಕಡ್ಡಾಯ. ಕರ್ನಾಟಕ ಹೈಕೋರ್ಟಿನದು ಇಲ್ಲಿ ಮನವರಿಕೆ ಮಾಡಿಸಲು ಬಳಸಬಹುದಾದದ್ದು ಅಷ್ಟೆ. ನ್ಯಾಯಾಧೀಶರು ಒಪ್ಪಬಹುದು, ಬಿಡಬಹುದು.

ಇಲ್ಲಿಯವರು ಎಡವುವ ಒಂದು ಸಣ್ಣ ಕಲ್ಲು ಬೇರೆ ಇದೆ. 'ಕೆಎಚ್‌ಸಿ' ಎಂಬ ಮೂರಕ್ಷರ ಕೇರಳದ ವಕೀಲರಿಗೆ ಕೇರಳ ಹೈಕೋರ್ಟ್ ಕೇಸಸ್ ಎಂಬ ತೀರ್ಪು ವರದಿಯ ಹೆಸರು. ಕರ್ನಾಟಕದ ತೀರ್ಪುಗಳ ಅಧಿಕೃತ ಸಂಖ್ಯೆಯಲ್ಲಿ ಅದೇ ಮೂರಕ್ಷರ ಕರ್ನಾಟಕ ಹೈಕೋರ್ಟನ್ನು ಸೂಚಿಸುತ್ತದೆ. ಕೇರಳದ ಅಧಿಕೃತ ಸಂಖ್ಯೆಯಲ್ಲಿ ಇರುವುದು 'ಕೆಇಆರ್'. ಅಕ್ಷರ ನೋಡಿ ಕೇರಳದ ತೀರ್ಪು ಎಂದುಕೊಂಡು ಕರ್ನಾಟಕದ್ದನ್ನು ಕಡ್ಡಾಯ ಎಂದು ವಾದಿಸಿದರೆ ಮುಖಭಂಗ.

ಸೆಕ್ಷನ್ ಓದುವುದು ಕೊನೆಯ ಸಾಲಿನ ತನಕ

ಕಾಯ್ದೆಯ ಪಠ್ಯಕ್ಕೆ ನಂಬಬಹುದಾದ ಜಾಗ ಕೇಂದ್ರ ಸರಕಾರದ ಇಂಡಿಯಾ ಕೋಡ್ ಜಾಲತಾಣ, ಉಚಿತ. ಅಡಿಟಿಪ್ಪಣಿಯಲ್ಲಿ ಯಾವ ತಿದ್ದುಪಡಿ ಯಾವ ದಿನದಿಂದ ಎಂದು ಇರುತ್ತದೆ. ಸೆಕ್ಷನ್ ತೆರೆದ ಕೂಡಲೇ ಅದರ ಮೊದಲ ಸಾಲಿನಲ್ಲಿ ನಿಲ್ಲಬಾರದು. ಪದಗಳ ಅರ್ಥ ಸಾಮಾನ್ಯವಾಗಿ 2ನೇ ಸೆಕ್ಷನ್ನಿನಲ್ಲಿರುತ್ತದೆ. ಅಪವಾದಗಳು 'ಆದರೆ' ಎಂದು ಶುರುವಾಗುವ ಪರಂತುಕದಲ್ಲಿರುತ್ತವೆ. 'ಬೇರೆ ಏನೇ ಹೇಳಿದ್ದರೂ' ಎಂದಿದ್ದರೆ ಈ ಸೆಕ್ಷನ್ ಉಳಿದವನ್ನು ಮೀರುತ್ತದೆ. 'ಇದಕ್ಕೆ ಒಳಪಟ್ಟು' ಎಂದಿದ್ದರೆ ಇದೇ ತಲೆಬಾಗುತ್ತದೆ.

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇದಕ್ಕೆ ಒಳ್ಳೆಯ ಪಾಠ. ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ ಎಂಬ ಮುಖ್ಯ ಭಾಗ ಎಲ್ಲರಿಗೂ ಗೊತ್ತು. ಕೇಸು ನಿಲ್ಲುವುದು ಬೀಳುವುದು ಅದರ ಪರಂತುಕದಲ್ಲಿ ಮತ್ತು 142ನೇ ಸೆಕ್ಷನ್ನಿನಲ್ಲಿ. ಚೆಕ್ಕನ್ನು ಅದರ ಚಾಲ್ತಿಯ ಅವಧಿಯೊಳಗೆ ಬ್ಯಾಂಕಿಗೆ ಹಾಕಿರಬೇಕು. ರಿಸರ್ವ್ ಬ್ಯಾಂಕಿನ ಆದೇಶದಂತೆ 2012ರ ಏಪ್ರಿಲ್ 1ರಿಂದ ಈ ಅವಧಿ ಮೂರು ತಿಂಗಳು. ವಾಪಸಾದ ಸುದ್ದಿ ಬ್ಯಾಂಕಿನಿಂದ ಸಿಕ್ಕಿದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಆಗಲೂ ಹಣ ಬಾರದಿದ್ದರೆ ದೂರಿನ ಕಾರಣ ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳೊಳಗೆ ದೂರನ್ನು ಕೋರ್ಟಿಗೆ ಹಾಕಬೇಕು.

ನಮ್ಮ ಉದಾಹರಣೆಗೆ ಎಣಿಸೋಣ. ಮೆಮೊ ಸಿಕ್ಕಿದ ಜುಲೈ 7 ಲೆಕ್ಕಕ್ಕಿಲ್ಲ; 8ರಿಂದ ಎಣಿಸಿದರೆ ಮೂವತ್ತನೇ ದಿನ ಆಗಸ್ಟ್ 6. ನೋಟಿಸನ್ನು ಜುಲೈ 21ರಂದು ಕಳುಹಿಸಿ ಅದು 24ರಂದು ತಲುಪಿತು ಎನ್ನಿ. ತಲುಪಿದ ದಿನ ಬಿಟ್ಟು 15 ದಿನ ಮುಗಿಯುವುದು ಆಗಸ್ಟ್ 8. ದೂರಿನ ಕಾರಣ ಹುಟ್ಟುವುದು ಆಗಸ್ಟ್ 9ಕ್ಕೆ. ಆ ದಿನವನ್ನೂ ಬಿಟ್ಟು ಒಂದು ಕ್ಯಾಲೆಂಡರ್ ತಿಂಗಳು, ಅಂದರೆ ಸೆಪ್ಟೆಂಬರ್ 9ರೊಳಗೆ ದೂರು. ಮೊದಲಿನದು 'ದಿನ', ಕೊನೆಯದು 'ತಿಂಗಳು'. ಎರಡನ್ನೂ ಮೂವತ್ತು ಎಂದು ಹಿಡಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ತಪ್ಪು, 15 ದಿನವನ್ನು ನೋಟಿಸ್ ಕಳುಹಿಸಿದ ದಿನದಿಂದ ಎಣಿಸಿ ಬೇಗನೆ ದೂರು ಹಾಕುವುದು. ಹಾಗೆ ಅವಧಿ ಮುಗಿಯುವ ಮುನ್ನ ಹಾಕಿದ ದೂರು ನಿಲ್ಲದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ದೂರು ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಲು ದಾರಿಯಿದೆ. ನೋಟಿಸಿನ 30 ದಿನ ತಪ್ಪಿದರೆ ಮನ್ನಾ ಕೇಳುವ ದಾರಿ ಕಾಯ್ದೆಯಲ್ಲಿಲ್ಲ.

ಸಿವಿಲ್ ದಾವೆಯ ಗಡುವು ಇಷ್ಟು ಬಿಗಿಯಲ್ಲ. ಮಾರಿದ ಮಾಲಿನ ಬೆಲೆಗೆ ಮೂರು ವರ್ಷ. ಉದ್ದರಿ ಅವಧಿ ನಿಗದಿಯಾಗದಿದ್ದರೆ ಮಾಲು ಒಪ್ಪಿಸಿದ ದಿನದಿಂದ, ನಿಗದಿಯಾಗಿದ್ದರೆ ಆ ಅವಧಿ ಮುಗಿದ ದಿನದಿಂದ. ಆ ಮೂರು ವರ್ಷದೊಳಗೆ ಸಾಲಗಾರ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಎಣಿಕೆ. ನಮ್ಮ ಮೊತ್ತ 3 ಲಕ್ಷ ಮೀರಿರುವುದರಿಂದ ಇದು ವಾಣಿಜ್ಯ ನ್ಯಾಯಾಲಯದ ದಾವೆ. 2018ರ ತಿದ್ದುಪಡಿಗೆ ಮೊದಲು ಈ ಮಿತಿ 1 ಕೋಟಿ ಇತ್ತು. ಅದೇ ತಿದ್ದುಪಡಿ 12ಎ ಸೆಕ್ಷನ್ ತಂದಿತು: ತುರ್ತು ಮಧ್ಯಂತರ ಆದೇಶ ಬೇಕಾಗಿಲ್ಲದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಪಾಟೀಲ್ ಆಟೊಮೇಶನ್ ಪ್ರಕರಣದ 2022ರ ತೀರ್ಪಿನ ನಂತರ, ಹಾಗೆ ಹೋಗದೆ ಹಾಕಿದ ದಾವೆ ತಿರಸ್ಕಾರಕ್ಕೆ ಗುರಿಯಾಗುತ್ತದೆ. ಘಟಕ ನೋಂದಣಿಯಾಗದ ಪಾಲುದಾರಿಕೆಯಾಗಿದ್ದರೆ ಇನ್ನೊಂದು ಗೋಡೆ, ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್: ಅಂಥ ಸಂಸ್ಥೆ ಕರಾರಿನ ಮೇಲೆ ಹೊರಗಿನವರ ವಿರುದ್ಧ ದಾವೆ ಹೂಡುವಂತಿಲ್ಲ.

ತೀರ್ಪನ್ನು ಹೆಕ್ಕಿ ಓದಬೇಕು

ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಇ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಹೈಕೋರ್ಟುಗಳದು ಇ-ಕೋರ್ಟ್ಸ್ ಜಾಲತಾಣದಲ್ಲಿ. ಕೆಲವಕ್ಕೆ ಕನ್ನಡ ಅನುವಾದವೂ ಇದೆ, ತಿಳಿಯುವುದಕ್ಕೆ ಒಳ್ಳೆಯದು. ಕೋರ್ಟಿಗೆ ಕೊಡುವಾಗ ಇಂಗ್ಲಿಷ್ ಮೂಲವೇ ಬೇಕು. ಹುಡುಕುವಾಗ ಬರೀ 'ಚೆಕ್ ಬೌನ್ಸ್' ಎಂದರೆ ಸಾವಿರಗಟ್ಟಲೆ ಬಂದು ಬೀಳುತ್ತವೆ. ಸೆಕ್ಷನ್ ಸಂಖ್ಯೆ ಮತ್ತು ಕಾಯ್ದೆಯಲ್ಲಿರುವ ಪದಗುಚ್ಛವನ್ನು ಇದ್ದ ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ನ್ಯಾಯಾಲಯದ ಹೆಸರು ಮತ್ತು ವರ್ಷದಿಂದ ಜರಡಿ ಹಿಡಿಯಬೇಕು.

ತೀರ್ಪು ಸಿಕ್ಕಿದ ಮೇಲೆ ಮಾಡುವ ಕೆಲಸ ಅಂಗಳದ ಅಡಿಕೆ ಹೆಕ್ಕಿದ ಹಾಗೆ. ಚಾಲಿ, ಪಟೋರ, ಕರಿಗೋಟು ಎಲ್ಲ ಒಂದೇ ರಾಶಿಯಲ್ಲಿರುತ್ತದೆ, ಒಂದೇ ದರಕ್ಕೆ ಹೋಗುವುದಿಲ್ಲ. ಮೇಲ್ಗಡೆ ಇರುವ ಹೆಡ್‌ನೋಟ್ ವರದಿಗಾರರು ಬರೆದ ಸಾರ, ತೀರ್ಪಿನ ಭಾಗವಲ್ಲ. ಮುಂದೆ ಸಂಗತಿಗಳು, ಆಮೇಲೆ ಎರಡೂ ಕಡೆಯ ವಾದ. 'ವಕೀಲರು ಹೀಗೆ ನಿವೇದಿಸಿದರು' ಎಂಬ ಪ್ಯಾರಾವನ್ನು ಕೋರ್ಟೇ ಹೇಳಿದ್ದೆಂದು ಎತ್ತಿ ಬರೆಯುವುದು ಹೊಸಬರಲ್ಲಿ ಬಹಳ ಸಾಮಾನ್ಯ, ಯಂತ್ರಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆ ಸಂಗತಿಗಳ ಮೇಲೆ ತೀರ್ಮಾನಕ್ಕೆ ಬರಲು ಯಾವ ತತ್ತ್ವ ಬೇಕಾಯಿತೋ ಅಷ್ಟು ಮಾತ್ರ ಕಡ್ಡಾಯ. ವಕೀಲರು ಅದನ್ನು ರೇಶಿಯೊ ಎನ್ನುತ್ತಾರೆ. ದಾರಿಯಲ್ಲಿ ಆಡಿದ ಉಳಿದ ಮಾತು ಒಬಿಟರ್. ಪೀಠದಲ್ಲಿ ಎಷ್ಟು ನ್ಯಾಯಮೂರ್ತಿಗಳಿದ್ದರು ಎಂದೂ ಗುರುತುಮಾಡಿಕೊಳ್ಳಬೇಕು, ದೊಡ್ಡ ಪೀಠದ ಮಾತು ಚಿಕ್ಕ ಪೀಠದ್ದನ್ನು ಮೀರುತ್ತದೆ.

ತೀರ್ಪು ಇನ್ನೂ ನಿಂತಿದೆಯೇ

ಚೆಕ್ಕಿನ ಕೇಸು ಎಲ್ಲಿ ಹಾಕಬೇಕು ಎಂದು ಹುಡುಕಿದರೆ ಬಹುಮಟ್ಟಿಗೆ ಎದುರಾಗುವುದು ದಶರಥ ರೂಪಸಿಂಗ್ ರಾಠೋಡ್ ಪ್ರಕರಣ. ಮೂವರು ನ್ಯಾಯಮೂರ್ತಿಗಳ ಪೀಠ, 2014ರ ಆಗಸ್ಟ್ 1ರ ತೀರ್ಪು: ಚೆಕ್ಕು ಕೊಟ್ಟವನ ಬ್ಯಾಂಕ್ ಇರುವ ಊರಿನಲ್ಲಿಯೇ ದೂರು. ಇದನ್ನು ನಂಬಿದರೆ ಬದಿಯಡ್ಕದ ಘಟಕದವರು ಪ್ರತಿ ವಿಚಾರಣೆಗೂ ಮಂಗಳೂರಿಗೆ ಹೋಗಬೇಕು. ಆದರೆ ಸಂಸತ್ತು 2015ರಲ್ಲಿ ಕಾಯ್ದೆಯನ್ನೇ ತಿದ್ದಿತು. ಆ ವರ್ಷದ ಜೂನ್ 15ರಿಂದ ಜಾರಿಗೆ ಬಂದ 142(2)ನೇ ಉಪಸೆಕ್ಷನ್ ಪ್ರಕಾರ, ಚೆಕ್ಕನ್ನು ತಮ್ಮ ಖಾತೆಯ ಮೂಲಕ ವಸೂಲಿಗೆ ಹಾಕಿದ್ದರೆ ಆ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿಗೆ ಅಧಿಕಾರ. ಅಂದರೆ ಕಾಸರಗೋಡು. ಬ್ರಿಜ್‌ಸ್ಟೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ತಿದ್ದುಪಡಿಯನ್ನೇ ಅನ್ವಯಿಸಿತು. ಹಳೆಯ ತೀರ್ಪು ಜಾಲದಲ್ಲಿ ಇನ್ನೂ ಇದೆ, ಅದರ ಮೇಲೆ 'ಈಗ ನಡೆಯದು' ಎಂದು ಯಾರೂ ಮೊಹರು ಹೊಡೆದಿರುವುದಿಲ್ಲ. ಹಾಗಾಗಿ ಯಾವ ತೀರ್ಪು ಸಿಕ್ಕಿದರೂ ಎರಡು ಕಡೆ ನೋಡಬೇಕು: ಅದರ ತಾರೀಕಿನ ನಂತರ ಆ ಸೆಕ್ಷನ್ ತಿದ್ದುಪಡಿಯಾಗಿದೆಯೇ, ನಂತರದ ತೀರ್ಪುಗಳು ಅದನ್ನು ಒಪ್ಪಿವೆಯೋ ಬದಿಗಿಟ್ಟಿವೆಯೋ.

ಬಡ್ಡಿಯ ಪ್ರಶ್ನೆ ಇನ್ನೂ ಸಿಕ್ಕು. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಘಟಕಗಳಿಂದ ಕೊಂಡವರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನಕ್ಕೆ, ಹೇಗೂ 45 ದಿನ ಮೀರದಂತೆ, ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ ಮಾಲು ಸ್ವೀಕರಿಸಿದ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ಕೊಂಡವರು ದೇಶದಲ್ಲಿ ಎಲ್ಲಿಯೇ ಇರಲಿ, ಮಾರಿದವರ ಊರಿನ ವ್ಯಾಪ್ತಿಯಲ್ಲಿ ಇಂಥ ಬಾಕಿಯ ತಕರಾರು ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್ ಅರ್ಜಿ ತೆಗೆದುಕೊಳ್ಳಬಹುದು. ಗಡಿಯ ಜನಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಹಾಳೆತಟ್ಟೆ ಮಾಡುವುದು ತಯಾರಿಕೆ, ಹಾಗಾಗಿ ನಮ್ಮ ಘಟಕ ಒಳಗೆ ಬರುತ್ತದೆ. ಅಡಿಕೆ ಕೊಂಡು ಮಾರುವ ಅಂಗಡಿಯವರು ಬರುವುದಿಲ್ಲ. 2021ರ ಜುಲೈಯಿಂದ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ಎಂಬ ಎಂಎಸ್‌ಎಂಇ ನೋಂದಣಿ ಸಿಗುತ್ತಿದೆ ನಿಜ, ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಪ್ರಮಾಣಪತ್ರ ಕೈಯಲ್ಲಿದೆ ಎಂದು ಅರ್ಜಿ ಹಾಕುವವರು ಸಿಕ್ಕಿಬೀಳುವುದು ಇಲ್ಲಿ.

ಮಾಲು ಕಳುಹಿಸಿದ ಮೇಲೆ ನೋಂದಣಿ ಮಾಡಿಸಿದ್ದರೆ? ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ, ಎದುರಾಳಿ ಕೇರಳದ ಕೆಎಸ್‌ಆರ್‌ಟಿಸಿ, ಸುಪ್ರೀಂ ಕೋರ್ಟ್ 2021ರಲ್ಲಿ ಹಿಂದಿನ ಮಾಲಿಗೆ ಪ್ರಯೋಜನ ಸಿಗದು ಎಂದಿತು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ನಿಲುವನ್ನು ಪ್ರಶ್ನಿಸಿ ಮೂವರ ಪೀಠಕ್ಕೆ ಒಪ್ಪಿಸಿತು. ಸಿಲ್ಪಿಯನ್ನು ಉಲ್ಲೇಖಿಸುವವರು ಆಮೇಲೆ ಏನಾಯಿತು ಎಂದು ಅದೇ ದಿನ ನೋಡಿಕೊಂಡೇ ಉಲ್ಲೇಖಿಸಬೇಕು.

ಬರೆಯುವಾಗ: ಒಂದು ಅಂಕೆ ಸಾಕು ಕೆಡಲು

ಹುಡುಕಿದ್ದನ್ನು ಮೊದಲು ತನಗಾಗಿ ಒಂದು ಟಿಪ್ಪಣಿಯಾಗಿ ಬರೆದುಕೊಳ್ಳುವುದು ವಕೀಲಿ ಕಲಿಯುವವರ ರೂಢಿ. ಅದರ ಕ್ರಮ ಎಲ್ಲೆಡೆ ಒಂದೇ: ಪ್ರಶ್ನೆ, ಅದಕ್ಕೆ ತಾಗುವ ನಿಯಮ, ನಮ್ಮ ಸಂಗತಿಗೆ ಅದು ಹೇಗೆ ಹೊಂದುತ್ತದೆ, ಹಾಗಾಗಿ ಉತ್ತರವೇನು. ನಾಲ್ಕರಲ್ಲಿ ಮೂರನೆಯದೇ ನಿಜವಾದ ಬರವಣಿಗೆ. ಹೊಸಬರು ನಿಯಮಕ್ಕೆ ಮೂರು ಪುಟ ಕೊಟ್ಟು ಹೊಂದಿಸುವುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. 'ಆದ್ದರಿಂದ ಕಾಸರಗೋಡಿಗೆ ಅಧಿಕಾರವಿದೆ' ಎಂದು ಬರೆದರೆ ಸಾಲದು. ಚೆಕ್ಕನ್ನು ಯಾವ ಶಾಖೆಯ ಯಾವ ಖಾತೆಗೆ ಯಾವ ದಿನ ಹಾಕಲಾಯಿತು, ಅದಕ್ಕೆ ಪುರಾವೆ ಯಾವ ಕಾಗದ ಎಂಬುದು ಆ ಸಾಲಿನ ಹಿಂದೆ ಬರಬೇಕು.

ನೋಟಿಸಿಗೆ ಬನ್ನಿ. ಜಾಲದಲ್ಲಿ ಓಡಾಡುವ ನಮೂನೆಗಳು ಹೀಗಿರುತ್ತವೆ:

'ನೀವು ಪದೇ ಪದೇ ಸುಳ್ಳು ಭರವಸೆ ಕೊಟ್ಟು ನಮ್ಮ ಕಕ್ಷಿದಾರರಿಗೆ ಘೋರ ಮೋಸ ಎಸಗಿರುತ್ತೀರಿ. ಬಾಕಿ, ಬಡ್ಡಿ ಮತ್ತು ಮಾನಸಿಕ ಹಿಂಸೆಯ ಪರಿಹಾರ ಸೇರಿ ಆರು ಲಕ್ಷ ರೂಪಾಯಿಯನ್ನು ಕೂಡಲೇ ಪಾವತಿಸತಕ್ಕದ್ದು.'

ಸಿಟ್ಟು ಇದೆ, ಕಾನೂನು ಇಲ್ಲ. 138ನೇ ಸೆಕ್ಷನ್ ಕೇಳುವುದು ಚೆಕ್ಕಿನ ಮೊತ್ತದ ಬೇಡಿಕೆಯನ್ನು. ಆರು ಲಕ್ಷದೊಳಗೆ ಆ ಮೊತ್ತ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಹೀಗೆ ಬರೆದರೆ ನಿಲ್ಲುತ್ತದೆ:

'ಮೇ 2ರ ಬಿಲ್ಲಿನ ಬಾಬ್ತು ನೀವು ಕೊಟ್ಟ 4,80,000 ರೂಪಾಯಿಯ ಚೆಕ್ಕು ಖಾತೆಯಲ್ಲಿ ಹಣ ಸಾಲದ ಕಾರಣ ಹಿಂದಿರುಗಿದ್ದು, ಬ್ಯಾಂಕಿನ ಮೆಮೊ ಜುಲೈ 7ರಂದು ನಮ್ಮ ಕಕ್ಷಿದಾರರಿಗೆ ಸಿಕ್ಕಿದೆ. ಚೆಕ್ಕಿನ ಮೊತ್ತವಾದ 4,80,000 ರೂಪಾಯಿಯನ್ನು ಈ ನೋಟಿಸ್ ತಲುಪಿದ 15 ದಿನಗಳೊಳಗೆ ಪಾವತಿಸಬೇಕು.'

ಇದಕ್ಕೆ ಚೆಕ್ಕಿನ ಸಂಖ್ಯೆ, ತಾರೀಕು, ಬ್ಯಾಂಕ್ ಶಾಖೆ ಸೇರಿಸಿದರೆ ಮುಗಿಯಿತು. ಬಡ್ಡಿ, ಖರ್ಚು ಕೇಳುವುದಿದ್ದರೆ ಬೇರೆ ಪ್ಯಾರಾದಲ್ಲಿ, ಬೇರೆ ಮೊತ್ತವಾಗಿ. ಚೆಕ್ಕಿನ ಮೊತ್ತ ಸ್ಪಷ್ಟವಾಗಿ ಬೇರೆ ಇದ್ದರೆ ಉಳಿದ ಬೇಡಿಕೆಗಳಿಂದ ನೋಟಿಸ್ ಕೆಡುವುದಿಲ್ಲ ಎಂದು ಸುಮನ್ ಸೇಠಿ ಪ್ರಕರಣದಲ್ಲಿ 2000ದಲ್ಲಿಯೇ ತೀರ್ಮಾನವಾಗಿದೆ. ಮೊತ್ತವೇ ತಪ್ಪಿದರೆ ಗತಿಯೇನು ಎಂಬುದಕ್ಕೆ 2025ರ ಸೆಪ್ಟೆಂಬರಿನ ಕಾವೇರಿ ಪ್ಲಾಸ್ಟಿಕ್ಸ್ ತೀರ್ಪು ನೋಡಬೇಕು. ಚೆಕ್ಕು 1 ಕೋಟಿಯದು, ನೋಟಿಸಿನಲ್ಲಿ 2 ಕೋಟಿ. ಟೈಪಿಂಗ್ ತಪ್ಪು ಎಂಬ ಸಮಜಾಯಿಷಿ ಸುಪ್ರೀಂ ಕೋರ್ಟಿನಲ್ಲಿ ನಡೆಯಲಿಲ್ಲ, ನೋಟಿಸ್ ಅಸಿಂಧುವಾಯಿತು. ಹಳೆಯ ನೋಟಿಸನ್ನು ಕಾಪಿ ಮಾಡಿ ಹೆಸರು ಮಾತ್ರ ಬದಲಿಸುವ ಅಭ್ಯಾಸ ಇದ್ದವರು ಈ ತೀರ್ಪನ್ನು ಮೇಜಿನ ಗಾಜಿನಡಿ ಇಟ್ಟುಕೊಳ್ಳಬಹುದು.

ಭಾಷೆ ಯಾವುದಾದರೂ ಆಗಬಹುದು, ಓದುವವರಿಗೆ ಅರ್ಥವಾಗಬೇಕು ಅಷ್ಟೆ. ಮಂಗಳೂರಿನ ವ್ಯಾಪಾರಿಗೆ ಕನ್ನಡದ ನೋಟಿಸ್ ಧಾರಾಳವಾಗಿ ಕಳುಹಿಸಬಹುದು. ಆದರೆ ಕಾಸರಗೋಡಿನ ಕೋರ್ಟಿನಲ್ಲಿ ಕೆಲಸ ನಡೆಯುವುದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ಕನ್ನಡದ ನೋಟಿಸ್, ಕನ್ನಡದ ಲೆಕ್ಕಪುಸ್ತಕ, ಕನ್ನಡದ ಸಂದೇಶಗಳಿಗೆ ಅನುವಾದವನ್ನು ಮೊದಲೇ ಮಾಡಿಸಿಟ್ಟರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ವಾಟ್ಸ್‌ಆ್ಯಪ್ ಸಂದೇಶ ಮತ್ತು ಅಂಚೆ ರಸೀದಿ

2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ ಪುಸ್ತಕಗಳಲ್ಲಿ 65ಬಿ ಎಂದಿರುವುದು ಈಗ 63ನೇ ಸೆಕ್ಷನ್. ಮೊಬೈಲಿನ ಸಂದೇಶದ ಪ್ರಿಂಟ್ ಕೊಡುವುದಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆ ಕಾಯ್ದೆಯ ಅನುಸೂಚಿಯಲ್ಲಿಯೇ ಇದೆ. ಎರಡು ಭಾಗ: ಎ ಭಾಗವನ್ನು ಸಲ್ಲಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು, ಹ್ಯಾಶ್ ಎಂಬ ಗುರುತುಸಂಖ್ಯೆಯನ್ನೂ ಬರೆಯಬೇಕು. ಸ್ಕ್ರೀನ್‌ಶಾಟ್ ತೆಗೆದು ಚಾಟ್ ಅಳಿಸಿಹಾಕಿದರೆ ಮೂಲ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ, ಹಾಗಾಗಿ ಕೇಸು ಮುಗಿಯುವ ತನಕ ಆ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ.

ನೋಟಿಸ್ ಕಳುಹಿಸಲು ಹಳೆಯ ನಮೂನೆಗಳು 'ರಿಜಿಸ್ಟರ್ಡ್ ಅಂಚೆ' ಎನ್ನುತ್ತವೆ. ದೇಶದೊಳಗಿನ ಆ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಅಂಚೆ ಕಚೇರಿಯಲ್ಲಿ ನೋಂದಣಿಯ ಸೌಲಭ್ಯ ಬೇಕೆಂದು ಕೇಳಿ ಪಡೆಯಬೇಕು. ಸರಿಯಾದ ವಿಳಾಸಕ್ಕೆ ಕಳುಹಿಸಿದ ನೋಟಿಸನ್ನು ಎದುರಾಳಿ ತೆಗೆದುಕೊಳ್ಳದೆ ಹಿಂದಿರುಗಿಸಿದರೂ ತಲುಪಿದೆ ಎಂದೇ ಭಾವಿಸಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಹೇಳಿತು. ಅದು ಕೇರಳದಿಂದಲೇ ಹೋದ ಪ್ರಕರಣ. 'ಬಾಗಿಲು ಮುಚ್ಚಿದೆ', 'ತೆಗೆದುಕೊಳ್ಳಲು ನಿರಾಕರಣೆ' ಎಂಬ ಷರಾ ಬಿದ್ದು ವಾಪಸು ಬಂದ ಲಕೋಟೆಯನ್ನು ಒಡೆಯದೆ ಹಾಗೆಯೇ ಫೈಲಿನಲ್ಲಿಡಬೇಕು.